ಬಾಗಿಲಲ್ಲಿ ನಿಂತವರು

ಮನೆ ಬಿಟ್ಟು ಹೋದವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಅವರನ್ನು ಕಳಿಸಿಕೊಟ್ಟು ಬಾಗಿಲಲ್ಲಿ ನಿಂತವರ ಕಥೆ ಕಡಿಮೆ. ಇದು ನನಗೆ ಹೊಳೆದದ್ದು ಯಾವ ಪುಸ್ತಕ ಓದುವಾಗಲೂ ಅಲ್ಲ, 2023ರ ದೀಪಾವಳಿ ಮುಗಿದ ಮೇಲೆ ಠಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲಿನ ಕಿಟಕಿಯ ಹೊರಗೆ ನಿಂತಿದ್ದಾಗ. ಮಗಳು ಸುರತ್ಕಲ್ಲಿಗೆ ಇಂಜಿನಿಯರಿಂಗ್ ಓದಲು ಸೇರಿದ್ದಳು. ಮೊದಲ ಸಲ ನಾನೂ ನನ್ನ ಹೆಂಡತಿಯೂ ಹೋಗಿ ಹಾಸ್ಟೆಲಿಗೆ ಬಿಟ್ಟು ಬಂದಿದ್ದೆವು. ರಜೆ ಮುಗಿಸಿ ಅವಳು ಒಬ್ಬಳೇ ಹೊರಟದ್ದು ಆ ದಿನ. ಗಾಡಿ ಹೋದ ಮೇಲೆ ನಾವಿಬ್ಬರೂ ಒಂದು ಮಾತೂ ಆಡದೆ ಡೊಂಬಿವಲಿಗೆ ಬಂದೆವು. ಇದರಲ್ಲೊಂದು ತಮಾಷೆಯೂ ಇದೆ. ಸುರತ್ಕಲ್ಲು ನನಗೆ ಊರಿನ ದಿಕ್ಕು, ನಮ್ಮ ಕುಂದಾಪುರದಿಂದ ಬಸ್ಸು ಹತ್ತಿದರೆ ಎರಡು ತಾಸಿನ ದಾರಿ. ಅವಳಿಗೆ ಮಾತ್ರ ಅದು ಪರಊರು. ನಾನು ಬಿಟ್ಟು ಬಂದ ಕರಾವಳಿಗೆ ಅವಳು ಮನೆ ಬಿಟ್ಟು ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಗಾಡಿ ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡುತ್ತ ಕೂತೆ. ಚಿಪಳೂಣ, ರತ್ನಾಗಿರಿ, ಕಣಕವಲಿ. ಹೀಗೆ ಕೂತಿದ್ದಾಗ ತಟ್ಟನೆ ಒಂದು ಪ್ರಶ್ನೆ ಬಂತು: 1986ರಲ್ಲಿ ನಾನು ಪಿಯುಸಿ ಮುಗಿಸಿ ಮುಂಬಯಿ ಬಸ್ಸು ಹತ್ತಿದಾಗ ನನ್ನ ಅಮ್ಮ ಏನು ಮಾಡಿದಳು? ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಮನೆಯಲ್ಲಿ ಫೋನೂ ಇರಲಿಲ್ಲ. ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕೂತು ನಾನು ಇಲ್ಲಿ ಇಳಿದೆ. ತಲುಪಿದೆ ಎಂಬ ನನ್ನ ಕಾಗದ ಅವಳಿಗೆ ಸಿಕ್ಕಿದ್ದು ಎಂಟು ದಿನದ ಮೇಲೆ. ನನ್ನ ಆ ಪ್ರಯಾಣವನ್ನು ನಾನು ಹತ್ತಾರು ಸಲ ಹೇಳಿದ್ದೇನೆ, ಇಲ್ಲಿಯ ಸಂಘದ ಸ್ಮರಣ ಸಂಚಿಕೆಯಲ್ಲಿ ಬರೆದೂ ಇದ್ದೇನೆ. ಆ ಎಂಟು ದಿನದ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಾನೊಬ್ಬನೇ ಅಲ್ಲ, ನಮ್ಮ ಬರವಣಿಗೆಯೇ ಹೆಚ್ಚುಕಡಿಮೆ ಹಾಗಿದೆ ಅಂತ ಅನ್ನಿಸಿ, ಓದಿದ್ದನ್ನು, ನೋಡಿದ್ದನ್ನು ಮತ್ತೆ ತೆಗೆದು ನೋಡಿದೆ. ಈ ಲೇಖನ ಅದರ ಫಲ.

ಓದಿಗಾಗಿ ಮನೆ ಬಿಡುವುದು ಕನ್ನಡಿಗರಿಗೆ ಹೊಸತೇನಲ್ಲ. 1956ರಲ್ಲಿ ನಾಡು ಒಂದಾಗುವ ಮೊದಲು, ಹುಡುಗ ಯಾವ ದಿಕ್ಕಿಗೆ ಹೋಗಬೇಕು ಎಂಬುದನ್ನು ಆಡಳಿತದ ಗಡಿಯೇ ಬಹುಮಟ್ಟಿಗೆ ತೀರ್ಮಾನ ಮಾಡುತ್ತಿತ್ತು. ಧಾರವಾಡದ ಕಡೆಯವರು ಪುಣೆಗೆ, ಮುಂಬಯಿಗೆ. ದಕ್ಷಿಣ ಕನ್ನಡದವರು ಮದರಾಸಿಗೆ. ಕಲಬುರ್ಗಿ, ರಾಯಚೂರಿನವರು ಹೈದರಾಬಾದಿಗೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಬೇಂದ್ರೆಯವರು 1918ರಲ್ಲಿ ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಇನ್ನು ನಮ್ಮ ಕರಾವಳಿಯ ಎಷ್ಟೋ ಹುಡುಗರು ಕಾಲೇಜಿನ ವಯಸ್ಸಿಗೂ ಮೊದಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗಳಲ್ಲಿ ಕೂತು ಓದಿದವರು. ಅಂದರೆ ನೂರು ವರ್ಷಗಳಿಂದ ನಮ್ಮ ಮನೆಗಳ ಬಾಗಿಲಲ್ಲಿ ಯಾರೋ ಒಬ್ಬರು ನಿಂತೇ ಇದ್ದಾರೆ.

ಆದರೆ ಪುಸ್ತಕಗಳಲ್ಲಿ ಅವರು ಸಿಗುವುದು ಕಷ್ಟ. ಕಾರಣ ಸರಳ. ಓದಿದವನು ಬರೆದ, ಕಳಿಸಿದವಳು ಬರೆಯಲಿಲ್ಲ. ನಮ್ಮ ದೊಡ್ಡ ಆತ್ಮಕಥೆಗಳನ್ನೇ ತೆಗೆದುಕೊಳ್ಳಿ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಭೈರಪ್ಪನವರ 'ಭಿತ್ತಿ', ಎರಡರಲ್ಲೂ ಹಳ್ಳಿಯಿಂದ ಮೈಸೂರಿಗೆ ಓದಲು ಹೋಗುವ ಹುಡುಗನಿದ್ದಾನೆ. ಭೈರಪ್ಪನವರಂತೂ ಇನ್ನೂ ಹುಡುಗನಾಗಿದ್ದಾಗಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡವರು, ನಡುವೆ ಮುಂಬಯಿಗೆ ಬಂದು ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊತ್ತವರು. ಬಾಗಿಲಲ್ಲಿ ನಿಲ್ಲಬೇಕಾದವಳೇ ಇಲ್ಲದ ಕಥೆ ಅದು. ಇವು ದೊಡ್ಡ ಪುಸ್ತಕಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆತ್ಮಕಥೆಯ ಸ್ವಭಾವವೇ ಹಾಗೆ. ಹೋದವನ ಜೊತೆಯಲ್ಲೇ ಓದುಗನೂ ಗಾಡಿ ಹತ್ತಿಬಿಡುತ್ತಾನೆ. ಮನೆ ಹಿಂದಕ್ಕೆ ಸರಿದು ಹೋಗುತ್ತದೆ.

ಹಾಗಾದರೆ ಅಗಲಿಕೆಯ ನೋವು ನಮ್ಮ ಪರಂಪರೆಯಲ್ಲಿ ಇಲ್ಲವೇ ಅಂದರೆ, ಧಾರಾಳವಾಗಿ ಇದೆ. ಆದರೆ ಅದು ಮದುವೆಯಾಗಿ ಹೋಗುವ ಹೆಣ್ಣುಮಗಳಿಗೆ ಮೀಸಲು. ಹೆಣ್ಣೊಪ್ಪಿಸುವ ಹಾಡುಗಳಿವೆ, ತವರಿನ ಹಾಡುಗಳಿವೆ. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಸಾಕುಮಗಳನ್ನು ಕಳಿಸುವಾಗ ಕಣ್ವ ಋಷಿಯೇ ಕರಗುತ್ತಾನೆ. ಆ ನಾಟಕವನ್ನು ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ತಂದರು. ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪ-ಅಮ್ಮನಿಗೆ ಅಳುವ ಅಧಿಕಾರವಿದೆ. ಊರೇ ಜೊತೆಗೆ ನಿಂತು ಅಳುತ್ತದೆ. ಕಾಲೇಜಿಗೆ ಕಳಿಸುವವರಿಗೆ ಅಂಥದೇನೂ ಇಲ್ಲ. ಹಾಡಿಲ್ಲ, ಶಾಸ್ತ್ರವಿಲ್ಲ. ಸೀಟು ಸಿಕ್ಕಿದ್ದು ಸಂತೋಷದ ಸಂಗತಿ ತಾನೇ? ಹಾಗಾಗಿ ನಾವು ಸಾಮಾನಿನ ಪಟ್ಟಿ ಮಾಡುತ್ತೇವೆ. ಬಕೆಟ್ಟು, ಬೀಗ, ಹಾಸಿಗೆ, ಚಟ್ನಿಪುಡಿ, ಜ್ವರದ ಮಾತ್ರೆ. ಪಟ್ಟಿ ಉದ್ದವಾದಷ್ಟೂ ಮಾತು ಕಡಿಮೆಯಾಗುತ್ತದೆ.

ಸಿನಿಮಾದವರು ಈ ಮೌನವನ್ನು ಒಡೆಯಲು ನೋಡಿದರು. ಆದರೆ ಅವರಿಗೆ ಸಿಕ್ಕ ದಾರಿ ಒಂದೇ: ಮಕ್ಕಳನ್ನು ಅಪರಾಧಿಗಳನ್ನಾಗಿ ಮಾಡುವುದು. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ಇದರ ಒಳ್ಳೆಯ ಮಾದರಿ. ಕಷ್ಟಪಟ್ಟು ಸಾಕಿದ ಮಕ್ಕಳು ಮುಪ್ಪಿನಲ್ಲಿ ಕೈ ಬಿಡುತ್ತಾರೆ, ಹಳೆಯ ಶಿಷ್ಯ ಕೈ ಹಿಡಿಯುತ್ತಾನೆ. ಪಂತುಲು ಮತ್ತು ಎಂ.ವಿ. ರಾಜಮ್ಮನವರ ಅಭಿನಯ ಇವತ್ತಿಗೂ ಮನಸ್ಸು ಕಲಕುತ್ತದೆ, ಸುಳ್ಳು ಹೇಳಬಾರದು. ಹಿಂದಿಯ 'ಬಾಗಬಾನ್' (2003), ಅದರ ಕನ್ನಡ ರೂಪ 'ಈ ಬಂಧನ' (2007) ಇವೂ ಅದೇ ಜಾಡಿನವು. ಇಂಥ ಚಿತ್ರ ನೋಡಿ ಹೊರಬರುವ ಅಪ್ಪ-ಅಮ್ಮಂದಿರು ಹಗುರಾಗಿರುತ್ತಾರೆ, ಯಾಕೆಂದರೆ ಯಾರನ್ನು ಬೈಯಬೇಕು ಅಂತ ಗೊತ್ತಾಗಿರುತ್ತದೆ. ನನ್ನ ಆಕ್ಷೇಪ ಇಲ್ಲೇ. ಎಷ್ಟೋ ಮನೆಗಳಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಮಗ ಒಳ್ಳೆಯವನೇ, ಸೊಸೆ ಒಳ್ಳೆಯವಳೇ, ಹಣ ಬರುತ್ತದೆ, ಫೋನು ಬರುತ್ತದೆ. ಆದರೂ ಮನೆ ಖಾಲಿ. ಅಪರಾಧಿಯೇ ಇಲ್ಲದ ನೋವನ್ನು ಈ ಚಿತ್ರಗಳು ಮುಟ್ಟುವುದಿಲ್ಲ, ಮುಟ್ಟಿದರೆ ಕಥೆ ನಿಂತುಹೋಗುತ್ತದೆ.

ಅದನ್ನು ಮುಟ್ಟಿದ ಎರಡು ಕೃತಿಗಳು ನನಗೆ ಗೊತ್ತು. ಒಂದು ನಮ್ಮದೇ ಕಡಲ ದಂಡೆಯದು, ಇನ್ನೊಂದು ಬಂಗಾಳದ್ದು.

ಮೊದಲನೆಯದು ಕಾರಂತರ 'ಮರಳಿ ಮಣ್ಣಿಗೆ'. 1940ರ ದಶಕದ ಆರಂಭದ ಈ ಕಾದಂಬರಿ ಮೂರು ತಲೆಮಾರಿನ ಕಥೆ ಅಂತ ಎಲ್ಲರೂ ಹೇಳುತ್ತೇವೆ. ಇನ್ನೊಂದು ರೀತಿಯಲ್ಲಿ ಅದು ಮಕ್ಕಳನ್ನು ಓದಲು ಕಳಿಸಿದ ಮನೆಯೊಂದರ ಕಥೆ. ಕೋಡಿಯ ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಓದಿಗೆ ಕಳಿಸುತ್ತಾರೆ. ಅದರಲ್ಲಿ ಮಗನ ಮೇಲಿನ ಆಸೆ ಎಷ್ಟೋ, ನೆರೆಮನೆಯವರ ಮುಂದೆ ಕಡಿಮೆಯಾಗಬಾರದು ಎಂಬ ಹಟವೂ ಅಷ್ಟೇ. ಲಚ್ಚ ಹಾಳಾಗುತ್ತಾನೆ, ಆಸ್ತಿಯೂ ಹಾಳಾಗುತ್ತದೆ. ಅವನ ಹೆಂಡತಿ ನಾಗವೇಣಿ ಮಗ ರಾಮನನ್ನು ಬೆಳೆಸಿ, ಅವನನ್ನೂ ಓದಲು ಮದರಾಸಿಗೆ ಕಳಿಸುತ್ತಾಳೆ. ಒಂದು ಸಲ ಓದಿನಿಂದ ಸುಟ್ಟುಕೊಂಡ ಮನೆ ಮತ್ತೊಮ್ಮೆ ಓದಿಗೇ ಮಗನನ್ನು ಒಪ್ಪಿಸುತ್ತದೆ. ಆ ಹೆಂಗಸಿನ ಧೈರ್ಯ ಎಂಥದು ಅಂತ ನಾನು ಮೊದಲ ಓದಿನಲ್ಲಿ ಗಮನಿಸಿರಲಿಲ್ಲ. ಕಾಲೇಜು ವಯಸ್ಸಿನಲ್ಲಿ ಓದಿದವನಿಗೆ ರಾಮನೇ ನಾಯಕ. ಅವನ ಚಳವಳಿ, ಜೈಲು, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದಾಟ, ಇವೇ ಮುಖ್ಯ ಅನ್ನಿಸಿತ್ತು. ಐವತ್ತೈದರಲ್ಲಿ ಓದಿದಾಗ ಕಾದಂಬರಿ ನಾಗವೇಣಿಯದಾಯಿತು.

ಕಾರಂತರ ಹೆಚ್ಚುಗಾರಿಕೆ ಏನೆಂದರೆ, ಹುಡುಗರು ಹೋದ ಮೇಲೂ ಅವರ ಕಥೆ ಮನೆಯನ್ನು ಬಿಡುವುದಿಲ್ಲ. ಪಾರೋತಿ, ಸರಸೋತಿ, ನಾಗವೇಣಿ ಇವರು ಕೂತು ಕಾಯುವವರಲ್ಲ. ಗದ್ದೆಯ ಕೆಲಸವಿದೆ, ದನ ಇದೆ, ಮಳೆಗಾಲದ ಕಷ್ಟವಿದೆ. ಕಾಯುವುದು ಈ ಕೆಲಸಗಳ ನಡುವೆ ನಡೆಯುತ್ತದೆ. ನಮ್ಮ ಕಡೆಯ ಹೆಂಗಸರನ್ನು ಬಲ್ಲವರಿಗೆ ಇದು ನಿಜ ಅಂತ ಗೊತ್ತಾಗುತ್ತದೆ. ಅಳುವುದಕ್ಕೂ ಪುರುಸೊತ್ತು ಬೇಕಲ್ಲ.

ಆದರೂ ಕೊನೆಯ ಬಗ್ಗೆ ನನಗೊಂದು ತಕರಾರಿದೆ. ರಾಮ ಹಿಂದೆ ಬರುತ್ತಾನೆ. ಹೆಸರೇ ಹೇಳುವಂತೆ, ಮಣ್ಣಿಗೆ ಮರಳುತ್ತಾನೆ. ಕಾದಂಬರಿಯೊಳಗೆ ಅದಕ್ಕೆ ಬೇಕಾದ ತಯಾರಿ ಇದೆ, ಅದು ಬಲವಂತದ ಕೊನೆಯಲ್ಲ. ಆದರೆ ಕಾದವಳ ಕಾಯುವಿಕೆಗೆ ಬಡ್ಡಿ ಸಮೇತ ಲೆಕ್ಕ ಚುಕ್ತಾ ಆದಂತೆ ಆಗುತ್ತದೆ. ಹೊರನಾಡಿನ ನಮ್ಮ ಸಭೆಗಳಲ್ಲಿ ಈ ಕಾದಂಬರಿಯ ಹೆಸರನ್ನು ಮಾತ್ರ ಎತ್ತಿ ಚಪ್ಪಾಳೆ ಗಿಟ್ಟಿಸುವುದನ್ನು ನಾನು ಕೇಳಿದ್ದೇನೆ. ನಿವೃತ್ತಿಯಾದ ಮೇಲೆ ಊರಿಗೆ ಹೋಗುತ್ತೇನೆ ಅನ್ನದ ಕನ್ನಡಿಗ ಮುಂಬಯಿಯಲ್ಲಿ ಸಿಕ್ಕುವುದು ಅಪರೂಪ. ಹೋದವರನ್ನು ಬೆರಳಿನಲ್ಲಿ ಎಣಿಸಬಹುದು. ಮರಳುವಿಕೆ ನಮಗೊಂದು ಸಮಾಧಾನದ ಮಾತಾಗಿದೆ. ಮರಳದೆ ಹೋದವರ ಮನೆಯ ಕಥೆಗೆ ಬೇರೆ ಕಡೆ ಹೋಗಬೇಕು.

ಅದಕ್ಕೇ ಎರಡನೆಯ ಕೃತಿ. ಸತ್ಯಜಿತ್ ರಾಯ್ ಅವರ 'ಅಪರಾಜಿತೋ' (1956). ಬಿಭೂತಿಭೂಷಣ ಬಂದೋಪಾಧ್ಯಾಯರ 'ಪಥೇರ್ ಪಾಂಚಾಲಿ'ಯ ಕೊನೆಯ ಭಾಗ ಮತ್ತು 'ಅಪರಾಜಿತೋ' ಕಾದಂಬರಿಯ ಮೊದಲ ಭಾಗ ಸೇರಿಸಿ ಮಾಡಿದ ಚಿತ್ರ. 1957ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಚಿನ್ನದ ಸಿಂಹ ಪ್ರಶಸ್ತಿ ಬಂತು. ಬಂಗಾಳದ ಪ್ರೇಕ್ಷಕರು ಮಾತ್ರ 'ಪಥೇರ್ ಪಾಂಚಾಲಿ'ಯನ್ನು ಮೆಚ್ಚಿದಂತೆ ಇದನ್ನು ಮೆಚ್ಚಲಿಲ್ಲ. ಯಾಕೆ ಅಂತ ನೋಡಿದರೆ ಅರ್ಥವಾಗುತ್ತದೆ.

ಕಾಶಿಯಲ್ಲಿ ಗಂಡ ತೀರಿಕೊಂಡ ಮೇಲೆ ಸರ್ಬಜಯಾ ಒಂದು ದೊಡ್ಡ ಮನೆಯಲ್ಲಿ ಅಡಿಗೆ ಕೆಲಸಕ್ಕೆ ನಿಲ್ಲುತ್ತಾಳೆ. ಮಗ ಅಪು ಆ ಮನೆಯ ಯಜಮಾನನ ಸೇವೆ ಮಾಡುವುದನ್ನು ನೋಡಿ, ಇವನು ಆಳಾಗಿ ಬೆಳೆಯುವುದು ಬೇಡ ಅಂತ ಹಳ್ಳಿಗೆ ಕರೆದುಕೊಂಡು ಹೋಗುತ್ತಾಳೆ. ಅಂದರೆ ಮಗ ಮೇಲೇರಲಿ ಎಂಬ ಮೊದಲ ಹೆಜ್ಜೆ ಅವಳದೇ. ಹಳ್ಳಿಯಲ್ಲಿ ಪೌರೋಹಿತ್ಯ ಕಲಿತ ಹುಡುಗ ಶಾಲೆಗೆ ಹೋಗಬೇಕು ಅನ್ನುತ್ತಾನೆ, ಕಳಿಸುತ್ತಾಳೆ. ಆಮೇಲೆ ಕಲ್ಕತ್ತೆಯ ಕಾಲೇಜಿಗೆ ಹೋಗಬೇಕು ಅನ್ನುತ್ತಾನೆ. ಆಗ ಮಾತಿಗೆ ಮಾತು ಬೆಳೆದು ಒಂದು ಏಟು ಹೊಡೆಯುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೋಗಿ ಸಮಾಧಾನ ಮಾಡಿ, ಕೂಡಿಟ್ಟ ಹಣ ತೆಗೆದು ಕೊಡುತ್ತಾಳೆ. ಹುಡುಗ ಮಾಸ್ತರರು ಕೊಟ್ಟ ಸಣ್ಣ ಭೂಗೋಲವನ್ನು ಹಿಡಿದುಕೊಂಡು ಹೊರಡುತ್ತಾನೆ. ಅವನ ಮುಖದಲ್ಲಿ ಖುಷಿ. ರಾಯ್ ಅದನ್ನು ಮುಚ್ಚುವುದಿಲ್ಲ. ಅವನು ದಾಟಿ ಹೋದ ಮೇಲೆ ಕ್ಯಾಮೆರಾ ಕರುಣಾ ಬ್ಯಾನರ್ಜಿಯವರ ಮುಖದ ಮೇಲೆ ನಿಲ್ಲುತ್ತದೆ. ಅಲ್ಲಿಯವರೆಗೆ ಹಿಡಿದಿಟ್ಟ ನಗು ನಿಧಾನಕ್ಕೆ ಇಳಿಯುತ್ತದೆ, ಅಷ್ಟೇ.

ಮುಂದೆ ರಜೆಗೆ ಬಂದಾಗ ಒಂದು ರಾತ್ರಿ ತಾಯಿ ಮಾತಾಡುತ್ತ, ನನಗೆ ಕಾಯಿಲೆ ಬಂದರೆ ನಿನ್ನ ಸಂಪಾದನೆಯಲ್ಲಿ ಔಷಧಿ ಮಾಡಿಸುತ್ತೀಯಾ ಎಂಬ ಅರ್ಥದ ಮಾತು ಕೇಳುತ್ತಾಳೆ. ತಿರುಗಿ ನೋಡಿದರೆ ಮಗ ನಿದ್ದೆ ಹೋಗಿದ್ದಾನೆ. ಬೇರೆ ಯಾವ ಚಿತ್ರದಲ್ಲಾದರೂ ಇದು ಮಗನ ಕಟುಕತನವಾಗುತ್ತಿತ್ತು. ಇಲ್ಲಿ ಹುಡುಗನಿಗೆ ನಿಜಕ್ಕೂ ನಿದ್ದೆ ಬಂದಿದೆ, ಕಲ್ಕತ್ತೆಯಲ್ಲಿ ಅವನು ರಾತ್ರಿ ಪ್ರೆಸ್ಸಿನಲ್ಲಿ ದುಡಿದು ಹಗಲು ಓದುವವನು. ಹೊರಡುವ ದಿನ ಬೆಳಿಗ್ಗೆ ಎಬ್ಬಿಸು ಅಂದಿರುತ್ತಾನೆ, ತಾಯಿ ಎಬ್ಬಿಸುವುದಿಲ್ಲ. ಸಿಡಿಮಿಡಿಗೊಂಡು ಸ್ಟೇಷನ್ನಿಗೆ ಓಡುತ್ತಾನೆ. ಗಾಡಿ ಬಂದು ನಿಲ್ಲುತ್ತದೆ, ಹತ್ತುವುದಿಲ್ಲ. ಮನೆಗೆ ವಾಪಸು ಬಂದು ಗಾಡಿ ತಪ್ಪಿಹೋಯಿತು ಅಂತ ಸುಳ್ಳು ಹೇಳುತ್ತಾನೆ. ತಾಯಿ ಎಬ್ಬಿಸದೆ ಒಂದು ಸುಳ್ಳು, ಮಗ ಗಾಡಿ ಬಿಟ್ಟು ಒಂದು ಸುಳ್ಳು. ಇಡೀ ಚಿತ್ರದಲ್ಲಿ ಅವರಿಬ್ಬರೂ ಪ್ರೀತಿಯ ಬಗ್ಗೆ ಆಡಿದ ಮಾತು ಅಂದರೆ ಇವೇ ಎರಡು.

ಕೊನೆಗೆ ಅವಳು ಕಾಯಿಲೆ ಬೀಳುತ್ತಾಳೆ. ಮಗನಿಗೆ ತಿಳಿಸುವುದು ಬೇಡ ಅನ್ನುತ್ತಾಳೆ, ಅವನ ಓದು ಕೆಡಬಾರದು. 'ಪಥೇರ್ ಪಾಂಚಾಲಿ'ಯಲ್ಲಿ ಮಕ್ಕಳು ಬೆರಗಿನಿಂದ ಓಡಿ ಹೋಗಿ ನೋಡಿದ ರೈಲು ಇಲ್ಲಿ ಬಾರದ ಮಗನ ಸದ್ದಾಗಿ ದೂರದಲ್ಲಿ ಹಾದುಹೋಗುತ್ತದೆ. ಅಪು ಬರುವ ಹೊತ್ತಿಗೆ ತಾಯಿ ಇಲ್ಲ. ಹಳ್ಳಿಯಲ್ಲೇ ಇದ್ದು ಪೌರೋಹಿತ್ಯ ಮಾಡು ಅಂತ ಹಿರಿಯರು ಹೇಳಿದರೆ, ಅವನು ಅತ್ತು, ಎದ್ದು, ಗಂಟು ಕಟ್ಟಿಕೊಂಡು ಕಲ್ಕತ್ತೆಗೆ ಹೊರಡುತ್ತಾನೆ. ಮೂಲ ಕಾದಂಬರಿ ಇನ್ನೂ ನಿಷ್ಠುರ. ತಾಯಿ ಸತ್ತ ಸುದ್ದಿ ಕೇಳಿದಾಗ ಅಪುವಿಗೆ ಮೊದಲು ಆಗುವುದು ಒಂದು ಬಗೆಯ ಬಿಡುಗಡೆಯ ಭಾವ. ಮಾತೃದೇವೋಭವ ಅನ್ನುವ ದೇಶದಲ್ಲಿ ಇದನ್ನು ಬರೆಯಲು, ಚಿತ್ರ ಮಾಡಲು ಎದೆ ಬೇಕು. ಜನ ದೂರ ಸರಿದದ್ದು ಇದಕ್ಕೇ ಇರಬೇಕು.

ನನಗೆ ಈ ಚಿತ್ರ ಮುಖ್ಯವಾಗುವುದು ಅದು ಇಬ್ಬರ ಪಕ್ಷವನ್ನೂ ಬಿಟ್ಟುಕೊಡದ ಕಾರಣಕ್ಕೆ. ಹುಡುಗನಿಗೆ ಹೋಗುವ ಹಕ್ಕಿದೆ, ಅವನ ಖುಷಿ ಅಪರಾಧವಲ್ಲ. ತಾಯಿಗೆ ಒಬ್ಬಂಟಿತನವಿದೆ, ಅದು ದೌರ್ಬಲ್ಯವಲ್ಲ. ಒಂದು ಇನ್ನೊಂದನ್ನು ರದ್ದು ಮಾಡುವುದಿಲ್ಲ. 'ಸ್ಕೂಲ್ ಮಾಸ್ಟರ್' ಜಾಡಿನವರು ತಾಯಿ-ತಂದೆಯ ನೋವನ್ನು ಮಕ್ಕಳ ಮೇಲಿನ ಸಾಲವನ್ನಾಗಿ ಬರೆದರು. ಆತ್ಮಕಥೆಗಳು ಮಗನ ಗೆಲುವನ್ನು ಬರೆದವು. ರಾಯ್ ಎರಡನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಕೂಡಿಸದೆ ಬಿಟ್ಟರು.

ಇದರಲ್ಲೂ ಒಂದು ಕೊರತೆ ಹೇಳಬೇಕು. ಸರ್ಬಜಯಾ ವಿಧವೆ, ಬೇರೆ ಮಕ್ಕಳಿಲ್ಲ. ಹಾಗಾಗಿ ನೋವಿನ ಭಾರವೆಲ್ಲ ತಾಯಿಯ ಮೇಲೇ ಬೀಳುತ್ತದೆ. ಅಪ್ಪಂದಿರು ಎಲ್ಲಿ? ಕನ್ನಡದ ಕಥೆಗಳಲ್ಲೂ ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದು, ಟಿಕೇಟು ಜೋಪಾನ, ಪಾಕೀಟು ಒಳಜೇಬಿನಲ್ಲಿಟ್ಟುಕೋ ಅಂದು ಮಾಯವಾಗುತ್ತಾನೆ. ಇತ್ತೀಚಿನ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಈ ಕೊರತೆಯನ್ನು ಸ್ವಲ್ಪ ತುಂಬಿತು. ಮಗ ಮುಂಬಯಿಯಲ್ಲಿ ಕೆಲಸದಲ್ಲಿದ್ದಾನೆ, ಮರೆವಿನ ರೋಗದ ಅಪ್ಪ ಬೆಂಗಳೂರಿನಲ್ಲಿ ಕಳೆದುಹೋಗುತ್ತಾನೆ. ಅನಂತನಾಗ್ ಆ ಅಪ್ಪನಿಗೆ ಒಂದು ಯೌವನ, ಒಂದು ಪ್ರೀತಿ, ತನ್ನದೇ ಆದ ಒಂದು ಮನಸ್ಸು ಕೊಟ್ಟರು. ಆದರೆ ಅಪ್ಪ ಒಬ್ಬ ಮನುಷ್ಯ ಅಂತ ಮಗನಿಗೆ ಕಾಣಲು ಅವನು ಕಳೆದುಹೋಗಬೇಕಾಯಿತು. ರೋಗ ಇಲ್ಲದೆ, ಸುಮ್ಮನೆ ಸೋಫಾದ ಮೇಲೆ ಪೇಪರು ಹಿಡಿದು ಕೂತ ಅಪ್ಪನ ಕಥೆ ಇನ್ನೂ ಬರಬೇಕು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ವಿಶೇಷ ಜವಾಬ್ದಾರಿ ಇದೆ ಅಂತ ನನ್ನ ಭಾವನೆ. ಯಾಕೆಂದರೆ ಎರಡೂ ಕುರ್ಚಿಯಲ್ಲಿ ಕೂತವರು ನಾವು. ಹದಿನೆಂಟರಲ್ಲಿ ಬಿಟ್ಟು ಬಂದೆವು, ಐವತ್ತರಲ್ಲಿ ಬಿಡಿಸಿಕೊಂಡೆವು. ನಾವು ಬಿಟ್ಟು ಬಂದದ್ದನ್ನು ಸಾಹಸ ಅಂತ ಬರೆದುಕೊಂಡೆವು. ನಮ್ಮ ಮಕ್ಕಳು ಬಿಟ್ಟು ಹೋದರೆ, ಈಗಿನ ಮಕ್ಕಳಿಗೆ ಮನೆಯ ಮೇಲೆ ಪ್ರೀತಿ ಇಲ್ಲ ಅನ್ನುತ್ತೇವೆ. ಊರಿನ ಬಗ್ಗೆ ಇಲ್ಲಿ ಬರುವ ಕವಿತೆ, ಪ್ರಬಂಧಗಳಲ್ಲಿ ಅಮ್ಮ ಒಂದು ಚಿತ್ರ ಮಾತ್ರ: ಒಲೆಯ ಮುಂದೆ, ತುಳಸಿಕಟ್ಟೆಯ ಮುಂದೆ, ದೀಪ ಹಿಡಿದು. ನಾವು ಹೋದ ಮರುದಿನ ಅವಳು ಏನು ಮಾಡಿದಳು ಎಂಬುದು ಅಲ್ಲಿ ಇಲ್ಲ. ನಮ್ಮ ನೆನಪಿನಲ್ಲಿ ಅವಳು ನಾವು ಬಿಟ್ಟು ಬಂದ ಕ್ಷಣದಲ್ಲೇ ನಿಂತುಬಿಟ್ಟಿದ್ದಾಳೆ. ಊರಿನ ಹಂಬಲ ಅಂತ ನಾವು ಕರೆಯುವುದರಲ್ಲಿ ನಮ್ಮ ಬಗ್ಗೆಯೇ ಜಾಸ್ತಿ, ಊರಲ್ಲಿ ಉಳಿದವರ ಬಗ್ಗೆ ಕಡಿಮೆ.

ಈ ಮಾತನ್ನು ನಾನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ. ಮಗಳು ಹೋದ ಹೊಸತರಲ್ಲಿ ನಾನೂ ಸಾಲ ವಸೂಲಿಗೆ ನಿಂತವನೇ. ಎರಡು ದಿನ ಫೋನು ಬಾರದಿದ್ದರೆ ಮುನಿಸು. ರಾತ್ರಿ ಒಂದು ಗಂಟೆಗೆ ವಾಟ್ಸಪ್ಪಿನಲ್ಲಿ ಅವಳು ಕೊನೆಯ ಸಲ ಬಂದ ಹೊತ್ತು ನೋಡಿ, ಇನ್ನೂ ಎಚ್ಚರ ಇದ್ದಾಳೆ, ನಮಗೆ ಒಂದು ಸಾಲು ಹಾಕಲು ಮಾತ್ರ ಪುರುಸೊತ್ತಿಲ್ಲ ಅಂತ ಲೆಕ್ಕ ಹಾಕಿದ್ದೇನೆ. ಸರ್ಬಜಯಾ ರೈಲಿನ ಸದ್ದು ಕೇಳುತ್ತ ಕೂತರೆ ನಾವು ಆ ಸಮಯ ನೋಡುತ್ತ ಕೂರುತ್ತೇವೆ. ವ್ಯತ್ಯಾಸ ಏನೆಂದರೆ, ಅವಳಿಗೆ ಮಗ ಎಲ್ಲಿದ್ದಾನೆ ಅಂತ ಗೊತ್ತಿರಲಿಲ್ಲ, ಹಾಗಾಗಿ ನಂಬಿಕೆಯಾದರೂ ಇತ್ತು. ನಮಗೆ ಎಲ್ಲ ಗೊತ್ತಾಗುತ್ತದೆ, ಅದರಿಂದ ಅನುಮಾನ ಹೆಚ್ಚಾಗುತ್ತದೆ.

ಊರಲ್ಲಿರುವ ನೀವು ಈ ಪುಸ್ತಕದಲ್ಲಿ ಹೊರಗೆ ಹೋದ ನಮ್ಮ ಕಷ್ಟಸುಖ ಓದುತ್ತಿದ್ದೀರಿ. ನಿಮ್ಮಲ್ಲಿ ಎಷ್ಟೋ ಜನ ಬಾಗಿಲಲ್ಲಿ ನಿಂತವರೇ. ನಿಮ್ಮ ಕಡೆಯ ಪುಸ್ತಕ ಯಾರು ಬರೆಯುತ್ತಾರೋ, ಬರೆದರೆ ಅದು ಈ ಪುಸ್ತಕಕ್ಕಿಂತ ದೊಡ್ಡದಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮನನ್ನು ಕೇಳಿಯೇ ಬಿಟ್ಟೆ. ಅವಳಿಗೆ ಈಗ ಎಂಬತ್ತರ ಹತ್ತಿರ. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಮುಂಬಯಿ ಬಸ್ಸು ಹತ್ತಿದ ದಿನ ನೀನು ಏನು ಮಾಡಿದೆ ಅಂದೆ. ಇದೆಂಥ ಪ್ರಶ್ನೆ ಅನ್ನುವಂತೆ ನನ್ನ ಮುಖ ನೋಡಿದಳು.

"ಎಂಥ ಮಾಡುದ್? ದನಕ್ಕೆ ಹುಲ್ಲ್ ಹಾಕಿದೆ."

ಮತ್ತೆ?

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಎರಡು ಬೀಜ ತೆಗೆದು ಪಕ್ಕಕ್ಕೆ ಹಾಕಿದಳು.

"ರಾತ್ರಿ ಅನ್ನಕ್ಕೆ ಅಕ್ಕಿ ಅಳತೆ ತಪ್ಪಿತ್ ಮಗಾ. ನಿನ್ನ ಪಾಲೂ ಸೇರಿಸಿಯೇ ಹಾಕಿದ್ದೆ. ಒಂದ್ ವಾರ ಹಾಂಗೇ ಆಯ್ತ್. ಮತ್ತೆ ಅಭ್ಯಾಸ ಆಯ್ತ್."